ಅವ್ವನ ನಡುಕಟ್ಟು

ನನ್ನ ತಂಗಿ ಪಾರು ಈಚೆಗೆ ತನ್ನ ಮಗಳ ಕುಬಸ ಮಾಡಿದಳು. ಅಳ್ನಾವರದ ಅವಳ ಮನೆಯ ಮುಂದೆ ಶಾಮಿಯಾನ, ಒಳಗೆ ಹೂವಿನ ಕುರ್ಚಿ, ಕುರ್ಚಿಯಲ್ಲಿ ಏಳು ತಿಂಗಳ ಬಸುರಿ ಹುಡುಗಿ. ಹಸಿರು ಸೀರೆ ಉಟ್ಟು, ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಫೋಟೊಗೆ ನಗುತ್ತಿದ್ದಳು. ನೋಡಿ ನನಗೆ ಸಂತೋಷವೇ ಆಗಿತ್ತು. ಅಷ್ಟರಲ್ಲಿ ಪಾರು ಬೀಗರ ಹೆಂಗಸರ ನಡುವೆ ಕೂತು, ಎದೆಯುಬ್ಬಿಸಿ ಹೇಳಿದಳು.

"ಈಗಿನವ್ರು ಹೊಟ್ಟಿ ತೋರಿಸ್ಕೋಂತ ಅಡ್ಡಾಡ್ತಾರ್ರಿ. ನಮ್ಮವ್ವನ ಕಾಲದಾಗ ಹಂಗಿರಲಿಲ್ಲ. ಹದಿನಾರು ಮೊಳದ ಸೀರಿ ಉಟ್ರ ಒಂಬತ್ತು ತುಂಬಿದ್ರೂ ಗೊತ್ತಾಗ್ತಿದ್ದಿಲ್ಲ. ನಾ ಹುಟ್ಟೂತನಕ ಊರಿಗೇ ಸುದ್ದಿ ಇರಲಿಲ್ಲಂತ! ಅಂಥಾ ಮರ್ಯಾದಿ ಹೆಣ್ಮಗಳು ನಮ್ಮವ್ವ."

"ಹೌದ್ ಬಿಡ್ರಿ, ಆಗಿನ ಮಂದಿನ ಬ್ಯಾರೆ" ಎಂದು ಬೀಗಿತ್ತಿಯರು ತಲೆದೂಗಿದರು. ನನ್ನ ತಟ್ಟೆಯಲ್ಲಿ ಶೇಂಗಾ ಹೋಳಿಗೆ ಇತ್ತು. ಅದನ್ನು ಹಾಗೆಯೇ ಬಿಟ್ಟು ಎದ್ದು ಹೊರಗೆ ಬಂದೆ. ಸಿಟ್ಟು ಬಂದರೆ ನನಗೆ ಮೊದಲಿನಿಂದಲೂ ಅನ್ನ ಇಳಿಯುವುದಿಲ್ಲ. ಪಾರುವಿನ ಮೇಲೆ ಬಂದ ಸಿಟ್ಟಲ್ಲ ಅದು. ಪಾಪ, ಅವಳು ಕೇಳಿದ್ದನ್ನು ಹೇಳಿದಳು. ಆ ಸೀರೆಯ ಒಳಗಿದ್ದವಳು ಅವಳು. ಹೊರಗೆ ನಿಂತು ಅದನ್ನು ಬಿಗಿದವಳು ನಾನು. ಒಳಗಿದ್ದವರಿಗೆ ಬಿಗಿದದ್ದು ನೆನಪಿರುವುದಿಲ್ಲ.

ನಮ್ಮ ಮನೆ ಕುಂದಗೋಳ ಸೀಮೆಯ ಎರೆಭೂಮಿಯ ಊರಿನಲ್ಲಿತ್ತು. ಗುಡಗೇರಿಯ ರೈಲು ಕೂಗಿದರೆ ಕೇಳುವಷ್ಟು ದೂರ. ಮಣ್ಣಿನ ಮಾಳಿಗೆ, ದಪ್ಪ ಗೋಡೆ. ತಲೆಬಾಗಿಲು ದಾಟಿದರೆ ಎಡಕ್ಕೆ ಎತ್ತುಗಳು, ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ. ಪಡಸಾಲೆ ಗಂಡಸರದು. ಅಲ್ಲಿ ಅಪ್ಪನ ಜಮಖಾನೆ, ಅಪ್ಪನ ಲೋಡು, ಅಪ್ಪನ ಎಲೆಯಡಿಕೆ ತಟ್ಟೆ, ಅಪ್ಪನ ನಗು. ಊರಿನ ನಾಲ್ಕು ಮಂದಿ ಸದಾ ಅಲ್ಲಿರುತ್ತಿದ್ದರು. ಅದರ ಹಿಂದೆ ನಡುಮನೆ, ದೇವರ ಕೋಣೆ, ಅದರ ಬಾಜೂಕೆ ಹತ್ತಿ ತುಂಬುವ ಕೋಣೆ, ಕೊನೆಗೆ ಹಗಲಲ್ಲೂ ದೀಪ ಬೇಕೆನ್ನುವ ಅಡುಗೆಮನೆ ಮತ್ತು ಬಚ್ಚಲು. ಇಷ್ಟು ದೊಡ್ಡ ಮನೆಯಲ್ಲಿ ಅವ್ವನಿಗೆ ಬೆಳಕಿದ್ದದ್ದು ಬಚ್ಚಲಿನ ಮೇಲಿನ ಬೆಳಕಿಂಡಿಯೊಂದೇ. ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಆಯಿ ನಡುಮನೆಯ ಹೊಸ್ತಿಲ ಮೇಲೆ ಕೂತು ಎರಡೂ ಕಡೆ ಕಣ್ಣಿಟ್ಟಿರುತ್ತಿದ್ದಳು. ಹುಡುಗಿಯಾದ ನಾನು ಒಳಗಿನ ಯಾವ ಸುದ್ದಿಯನ್ನು ಹೊರಗೆ ಒಯ್ದರೂ ಅವಳ ಒಂದೇ ಮಾತು:

"ಹೆಂಗಸೂರ ಮಾತು ಪಡಸಾಲಿಗೆ ತರಬ್ಯಾಡ."

ಹೆಂಗಸರ ಮಾತೆಂದರೆ ಯಾವುದು ಎಂದು ನನಗೆ ತಿಳಿದದ್ದು ನಮ್ಮ ವೈನಿ ಮನೆಗೆ ಬಂದ ಮೇಲೆ. ವೈನಿ ಎಂದರೆ ನನ್ನ ಅಣ್ಣನ ಹೆಂಡತಿ, ಕುಬಿಹಾಳದವಳು. ಅವಳು ಬಂದು ವರ್ಷ ತುಂಬುವುದರೊಳಗೆ ಬಸುರಿಯಾದಳು. ಮನೆಯಲ್ಲಿ ಹಬ್ಬ. ಅದೇ ಹೊತ್ತಿಗೆ ನಮ್ಮವ್ವನೂ ಬಸುರಿಯಾಗಿದ್ದಳು, ವೈನಿಗಿಂತ ಒಂದು ತಿಂಗಳು ಮೊದಲೇ. ಮಗನಿಗೆ ಮದುವೆ ಮಾಡಿ, ಮನೆಗೆ ಸೊಸೆ ಬಂದ ಮೇಲೆ ಅತ್ತೆಯಾದವಳು ಬಸುರಾಗುವುದೆಂದರೆ ನಮ್ಮ ಕಡೆ ಮಾನ ಹೋದ ಹಾಗೆ. ಯಾರ ಮಾನ? ಅವ್ವನ ಮಾನ. ಅಪ್ಪನ ಮಾನಕ್ಕೆ ಏನೂ ಆಗುತ್ತಿರಲಿಲ್ಲ. ಅವನು ಮೀಸೆ ತಿರುವಿಕೊಂಡು ಪಡಸಾಲೆಯಲ್ಲಿ ನಗುತ್ತಲೇ ಇದ್ದ. ಅವ್ವ ಒಬ್ಬಳೇ ಎಲ್ಲಿಂದಲೋ ಕದ್ದು ತಂದ ಮಾಲನ್ನು ಹೊಟ್ಟೆಯಲ್ಲಿ ಅಡಗಿಸಿಕೊಂಡವಳಂತೆ ತಲೆ ತಗ್ಗಿಸಿ ಓಡಾಡುತ್ತಿದ್ದಳು.

ನನಗದು ಗೊತ್ತಾದದ್ದು ಹತ್ತಿ ಬಿಡಿಸುವ ಕಾಲದಲ್ಲಿ. ನಮ್ಮ ಹೊಲದ ಹತ್ತಿ ಬಿಡಿಸಲು ಆಳುಗಳ ಜೊತೆ ಅವ್ವನೂ ಹೋಗುತ್ತಿದ್ದಳು. ಹೆಂಗಸರು ನಡುವಿಗೆ ಬಟ್ಟೆ ಕಟ್ಟಿ ಮುಂದೆ ಚೀಲದ ಹಾಗೆ ಉಡಿ ಮಾಡಿಕೊಳ್ಳುತ್ತಾರೆ, ಬಿಡಿಸಿದ ಹತ್ತಿಯನ್ನೆಲ್ಲ ಅದರೊಳಗೆ ತುರುಕುತ್ತಾರೆ. ಹೊತ್ತು ಏರಿದಂತೆ ಉಡಿ ಉಬ್ಬುತ್ತದೆ. ಹತ್ತಿ ಹೊಲದಲ್ಲಿ ಮಧ್ಯಾಹ್ನದ ಹೊತ್ತಿಗೆ ಮುದುಕಿಯರೂ ಹುಡುಗಿಯರೂ ಎಲ್ಲರೂ ಬಸುರಿಯರೇ. ಅವ್ವನಿಗೆ ಅಷ್ಟೇ ಬೇಕಿತ್ತು. ಮನೆಯಲ್ಲಿ ಸೊಂಟ ನೋಯುತ್ತಿದ್ದರೂ ಅವಳು ಹೊಲಕ್ಕೆ ಓಡುತ್ತಿದ್ದುದು ಯಾಕೆಂದು ಆಮೇಲೆ ತಿಳಿಯಿತು. ಲೋಕದಲ್ಲಿ ಅವಳು ಬೆನ್ನು ನೆಟ್ಟಗೆ ಮಾಡಿ ನಡೆಯಬಹುದಾಗಿದ್ದ ಜಾಗ ಅದೊಂದೇ. ಸಂಜೆಗೆ ಎಲ್ಲರೂ ಉಡಿ ಬಿಚ್ಚಿ ಹತ್ತಿಯನ್ನು ಹಾಸಿದ ಗೋಣಿತಟ್ಟಿನ ಮೇಲೆ ಸುರಿದರೆ ಅವರ ಹೊಟ್ಟೆಗಳು ಬೆನ್ನಿಗೆ ಹತ್ತುತ್ತಿದ್ದವು. ಅವ್ವ ಮಾತ್ರ ಬೇವಿನ ಗಿಡದ ಮರೆಗೆ ಹೋಗಿ ಅರ್ಧ ಸುರಿದು, ಅರ್ಧ ಉಳಿಸಿಕೊಂಡೇ ಮನೆಗೆ ಬರುತ್ತಿದ್ದಳು. ಒಂದು ದಿನ ನಾನು ಬುತ್ತಿ ಒಯ್ದವಳು, ಅವಳಿಗೆ ಭಾರವಾದೀತೆಂದು ಹಿಂದಿನಿಂದ ಹೋಗಿ ಅವಳ ಉಡಿಗೆ ಎರಡೂ ಕೈ ಹಾಕಿ ಹತ್ತಿ ತೆಗೆಯತೊಡಗಿದೆ. ಮೆತ್ತಗೆ ಹತ್ತಿ, ಮತ್ತೆ ಹತ್ತಿ, ಅದರ ಹಿಂದೆ ಗಟ್ಟಿಯಾದದ್ದು ಏನೋ ಕೈಗೆ ಹತ್ತಿತು. ಅದು ನನ್ನ ಕೈಗೆ ಒದೆಯಿತು. ನಾನು ಚೀರಿದೆ. ಅವ್ವ ನನ್ನ ಬಾಯಿ ಒತ್ತಿ ಹಿಡಿದಳು.

"ಸುಮ್ನಿರ ಬೇ. ಯಾರ ಮುಂದನೂ ಅನಬ್ಯಾಡ. ನನ್ನ ಆಣಿ ಐತಿ ನಿನಗ."

"ಕೂಸ ಏನವ್ವಾ?"

"ಹೌದು. ಅದಕ ನಾಚಿಕಿ ಇಲ್ಲ, ನನಗ ಐತಿ."

ಮರುದಿನದಿಂದ ಬಚ್ಚಲಿನ ಕೆಲಸ ನನ್ನದಾಯಿತು. ಅಪ್ಪನ ಹಳೆಯ ಕೆಂಪಂಚಿನ ಧೋತರವನ್ನು ಗೇಣಗಲ ಸೀಳಿ ಅವ್ವ ಉದ್ದನೆಯ ಪಟ್ಟಿ ಮಾಡಿಟ್ಟುಕೊಂಡಿದ್ದಳು. ಸ್ನಾನವಾದ ಮೇಲೆ ಹಂಡೆಯ ಮಗ್ಗುಲಿಗೆ ನಿಂತು ಅದರ ಒಂದು ತುದಿಯನ್ನು ಹೊಟ್ಟೆಯ ಮೇಲೆ ಒತ್ತಿ ಹಿಡಿಯುವಳು, ಇನ್ನೊಂದು ತುದಿ ನನ್ನ ಕೈಯಲ್ಲಿ. ನಾನು ಜಗ್ಗಿ ನಿಲ್ಲಬೇಕು, ಅವಳು ತಾನೇ ತಿರುಗುತ್ತ ತಿರುಗುತ್ತ ನನ್ನ ಕಡೆಗೆ ಬರುವಳು. ಬಂದು ಮುಟ್ಟುವ ಹೊತ್ತಿಗೆ ಹೊಟ್ಟೆ ಅರ್ಧ ಕರಗಿರುತ್ತಿತ್ತು, ಅವಳ ಉಸಿರೂ ಅರ್ಧವಾಗಿರುತ್ತಿತ್ತು. "ಇನ್ನೊಂದೀಟು ಬಿಗಿ" ಎನ್ನುತ್ತಿದ್ದಳು. ಅದರ ಮೇಲೆ ಕರಿ ಇಳಕಲ್ ಸೀರೆ. ಹದಿನಾರು ಮೊಳದ ದಪ್ಪ ನೂಲಿನದು. ನೆರಿಗೆಯನ್ನು ಸಣ್ಣಗೆ ಹಿಡಿಯದೆ, ಅಗಲ ಅಗಲವಾಗಿ ಹಿಡಿದು ಎದೆಯ ಕೆಳಗೆ ಸಿಕ್ಕಿಸಿದರೆ ಮುಂದೆ ಒಂದು ಹಲಗೆ ನಿಲ್ಲಿಸಿದ ಹಾಗಾಗುತ್ತಿತ್ತು. ಸೆರಗನ್ನು ಎರಡೂ ಭುಜಕ್ಕೆ ಹೊದ್ದು, ತುದಿಯನ್ನು ಮುಂದೆ ತಂದು ಸೊಂಟಕ್ಕೆ ಸಿಕ್ಕಿಸಿ ಉಡಿ ಮಾಡಿ ಅದರಲ್ಲಿ ಕೀಲಿಗೊಂಚಲು, ಎಲೆಯಡಿಕೆಯ ಚಂಚಿ, ಒಮ್ಮೊಮ್ಮೆ ಒಂದು ಹಿಡಿ ಜೋಳ. ಯಾರ ಕಣ್ಣಾದರೂ ಅಲ್ಲಿ ನಿಂತರೆ ಅವ್ವ ಚಂಚಿ ತೆಗೆದು ತೋರಿಸುವಳು. ಹೊಟ್ಟೆ ಉಬ್ಬಿದ್ದಕ್ಕೆ ಕಾರಣ ಸಿದ್ಧವಿರಬೇಕಲ್ಲ! ಆ ಸೀರೆಯನ್ನು ನೇಯ್ದವರು ಇದಕ್ಕೆಂದು ನೇಯ್ದಿರಲಿಲ್ಲ ಎಂದು ನಾನು ಬಲ್ಲೆ. ಆದರೂ ಪ್ರದರ್ಶನಗಳಲ್ಲಿ ಗಾಜಿನ ಹಿಂದೆ ಅಂಥ ಸೀರೆ ಹರವಿ "ನಮ್ಮ ಪರಂಪರೆ" ಎಂದು ಬರೆದದ್ದನ್ನು ಕಂಡರೆ ಗಾಜು ಒಡೆಯಬೇಕೆನಿಸುತ್ತದೆ.

ಬಯಕೆಯ ಮಾತು ಇನ್ನೂ ಹೇಳಿಲ್ಲ. ವೈನಿಯ ತವರಿನಿಂದ ಬಯಕೆಯ ಬುತ್ತಿ ಬಂತು. ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮಾದಲಿ, ಕೆಂಪು ಚಟ್ನಿ, ಕೆನೆ ಮೊಸರಿನ ಬಾನ. ಆಯಿ ಮುಂದೆ ಕೂತು ವೈನಿಗೆ ಬಡಿಸಿದಳು, ಗಂಡಸರಿಗೆ ಕಳಿಸಿದಳು, ನೆರೆಮನೆಗೆ ಹಂಚಿದಳು. ಅವ್ವ ಒಲೆಯ ಹತ್ತಿರ ಕೂತು ನೋಡುತ್ತಿದ್ದಳು. ಎಲ್ಲರದೂ ಆದ ಮೇಲೆ ನಾನು ಹಿತ್ತಲಿಗೆ ಹೋದರೆ, ತಿಕ್ಕಲು ಹಾಕಿದ್ದ ಎಣ್ಣೆಗಾಯಿಯ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಅವ್ವ ಬೆರಳಿನಿಂದ ಬಳಿದು ನೆಕ್ಕುತ್ತಿದ್ದಳು. ನನ್ನನ್ನು ಕಂಡು ಪಾತ್ರೆಗೆ ಬೂದಿ ಹಾಕಿ ತಿಕ್ಕತೊಡಗಿದಳು. ವೈನಿ ಒಳ್ಳೆಯ ಹುಡುಗಿ. ಅವಳಿಗೆ ಗೊತ್ತಿತ್ತು. ಒಂದೇ ಒಲೆಯ ಮುಂದೆ ಕೂರುವ ಇಬ್ಬರು ಹೆಂಗಸರಿಗೆ ಎಷ್ಟು ದಿನ ಗೊತ್ತಾಗದೆ ಇದ್ದೀತು? ತನ್ನ ಪಾಲಿನಲ್ಲಿ ಒಂದು ರೊಟ್ಟಿ ಉಳಿಸಿ ಬುಟ್ಟಿಯ ಕೆಳಗೆ ಮುಚ್ಚಿಡುತ್ತಿದ್ದಳು. ಅತ್ತೆಗೆ ಬಾಯಿಬಿಟ್ಟು "ತಿನ್ನ್ರಿ" ಎನ್ನುವ ಧೈರ್ಯ ಮಾತ್ರ ಅವಳಿಗೂ ಇರಲಿಲ್ಲ.

ಅಂದು ಸಂಜೆ ಅಪ್ಪ, ಅಣ್ಣ ಉಣ್ಣಲು ಕೂತಿದ್ದರು. ನಾನು ನೀರಿನ ತಂಬಿಗೆ ತಂದವಳು ಪಡಸಾಲೆಯ ನಡುವೆ ನಿಂತು ಕೇಳಿಯೇಬಿಟ್ಟೆ.

"ವೈನಿಗೆ ಅಷ್ಟ ಯಾಕ ಬಯಕಿ ಬುತ್ತಿ? ಅವ್ವಗ ಯಾಕ ಇಲ್ಲ?"

ಅಣ್ಣ ತಟ್ಟೆಯಲ್ಲೇ ಕೈ ತೊಳೆದು ಎದ್ದುಹೋದ. ಅವನಿಗೆ ಅವ್ವನ ಮೇಲೆ ಅದಾಗಲೇ ಸಿಟ್ಟಿತ್ತು. ಓರಗೆಯವರು ಆಡಿಕೊಂಡಾರೆಂಬ ಹೆದರಿಕೆಯಲ್ಲಿ ಅವಳೊಡನೆ ಮಾತು ಬಿಟ್ಟಿದ್ದ. ಅಪ್ಪ ನನ್ನ ಕಡೆ ನೋಡಲಿಲ್ಲ. ನಡುಮನೆಯ ಬಾಗಿಲಿನ ಕಡೆಗೆ ಮುಖ ಮಾಡಿ, "ಹುಡುಗ್ರಿಗೆ ಏನ ಕಲಸಾಕತ್ತೀ ನೀ?" ಎಂದ. ಅಷ್ಟೇ. ದನಿಯನ್ನೂ ಏರಿಸಲಿಲ್ಲ. ಅವ್ವ ಒಳಗಿನಿಂದ ಬಂದು ನನ್ನ ಕಪಾಳಕ್ಕೆ ಬಾರಿಸಿದಳು. ಅವಳು ಜೀವಮಾನದಲ್ಲಿ ನನಗೆ ಹೊಡೆದದ್ದು ಅದೊಂದೇ ಸಲ. ಹೊಡೆದು ತಾನೇ ಗೋಡೆ ಹಿಡಿದು ನಿಂತಳು, ನಡುಕಟ್ಟು ಬಿಗಿಯಾಗಿ ಉಸಿರು ಕಟ್ಟಿತ್ತು. ಆಯಿ ಹೊಸ್ತಿಲ ಮೇಲಿಂದ ಅವ್ವನಿಗೆ ಹೇಳಿದಳು:

"ಅತ್ತಿಗೊಂದು ಕಾಲ, ಸೊಸಿಗೊಂದು ಕಾಲ. ನಿನ್ನ ಕಾಲ ಮುಗದೈತಿ. ಈಗ ನಿನ್ನ ಸೊಸಿದು. ಆಡ್ಕೊಳ್ಳವ್ರ ಮುಂದ ಎಡವಿ ಬಿದ್ದಂಗ ಮಾಡಬ್ಯಾಡ."

ಹೊಡೆತ ನನಗೆ ನೋಯಲಿಲ್ಲ. ಅಪ್ಪ ಆಮೇಲೆ ಉಂಡದ್ದು ನೋಯಿತು. ಎರಡನೆಯ ಸಲ ಎಣ್ಣೆಗಾಯಿ ಹಾಕಿಸಿಕೊಂಡು, ಬೆರಳು ಚೀಪಿ, ತೇಗಿ ಎದ್ದ.

ವೈನಿಯ ಕುಬಸ ಅವಳ ಏಳನೆಯ ತಿಂಗಳಲ್ಲಾಯಿತು. ಅವ್ವನಿಗಾಗ ಎಂಟು. ನೂರಾರು ಮಂದಿಗೆ ಅಡುಗೆ, ನೀರು ಸೇದಿದವಳು ಅವ್ವ, ಹೂರಣ ರುಬ್ಬಿದವಳು ಅವ್ವ. ಬಸುರಿಯಾದವಳು ಇನ್ನೊಬ್ಬ ಬಸುರಿಯ ಉಡಿ ತುಂಬಬಾರದೆಂಬುದು ನಮ್ಮ ಮನೆಯ ಕಟ್ಟುನಿಟ್ಟು. ಅದನ್ನು ನನಗೆ ಹೇಳಿಕೊಟ್ಟವಳೇ ಆಯಿ. ಆದರೆ ಅತ್ತೆಯಾದವಳು ಸೊಸೆಯ ಉಡಿ ತುಂಬದಿದ್ದರೆ ಬಂದ ಮಂದಿ ಯಾಕೆ ಎಂದು ಕೇಳುತ್ತಾರೆ. ಮುತ್ತೈದೆಯರು ಹಾಡು ನಿಲ್ಲಿಸಿ ಕಾಯುತ್ತಿದ್ದರು. ಅವ್ವ ಆಯಿಯ ಮುಖ ನೋಡಿದಳು. ಆಯಿ ಹಲ್ಲು ಕಚ್ಚಿ ಮೆಲ್ಲಗೆ, "ತುಂಬು, ತುಂಬು, ಮಂದಿ ನೋಡಾಕತ್ತೈತಿ" ಎಂದಳು. ಅವ್ವ ಅಕ್ಕಿ, ಕೊಬ್ಬರಿ, ಉತ್ತತ್ತಿ, ಖಣ ಎಲ್ಲ ಹಾಕಿ ಉಡಿ ತುಂಬಿದಳು. ಬಗ್ಗುವಾಗ ಅವಳ ಹಣೆಯ ಬೆವರು ಅಕ್ಕಿಯ ಮೇಲೆ ಬಿತ್ತು. ಅವತ್ತು ನನಗೊಂದು ಮಾತು ಖಾತ್ರಿಯಾಯಿತು. ನಮ್ಮನ್ನು ಹೆದರಿಸುವ ದೇವರು ದಿಂಡರು, ಸೂತಕ ಶಕುನ ಎಲ್ಲವೂ ಊರ ಬಾಯಿಯ ಮುಂದೆ ಬಾಲ ಮುದುರುತ್ತವೆ. ಅಂದಿನಿಂದ ನಾನು ಶಕುನಕ್ಕೂ ಹೆದರಿಲ್ಲ, ಊರ ಬಾಯಿಗೂ ಹೆದರಿಲ್ಲ.

ಕುಬಸವಾದ ಮೇಲೆ ವೈನಿ ಬಾಣಂತನಕ್ಕೆ ಕುಬಿಹಾಳಕ್ಕೆ ಹೋದಳು. ಅವ್ವನಿಗೆ ತವರಿಲ್ಲವೆಂದಲ್ಲ, "ಮಮ್ಮಕ್ಕಳ್ನ ಎತ್ತೂ ವಯಸ್ಸಿನ್ಯಾಗ ತವರಿಗೆ ಹಡ್ಯಾಕ ಹೊಕ್ಕಾಳೇನು?" ಎಂದು ಆಯಿ ನಕ್ಕಿದ್ದಳು. ಸೂಲಗಿತ್ತಿಗೂ ಮೊದಲೇ ಹೇಳಿರಲಿಲ್ಲ. ಗುಡಗೇರಿ ಸಂತೆಗೆ ಗಂಡಸರು ಹೋಗಿದ್ದ ದಿನ, ಮಟಮಟ ಮಧ್ಯಾಹ್ನ ಅವ್ವನಿಗೆ ಬೇನೆ ಬಂತು. ಆಯಿ ಅವಳನ್ನು ಹತ್ತಿ ಕೋಣೆಗೆ ನೂಕಿ ಬಾಗಿಲು ಮುಚ್ಚಿದಳು. ಆ ವರ್ಷದ ಹತ್ತಿ ಇನ್ನೂ ಮಾರಿರಲಿಲ್ಲ, ಜಂತಿಯತನಕ ತುಂಬಿತ್ತು. ಅಲ್ಲಿ ಕೂಗಿದರೆ ಹತ್ತಿಯೇ ದನಿಯನ್ನು ನುಂಗುತ್ತಿತ್ತು. ಆಯಿ ಆ ಕೋಣೆಯನ್ನು ಆರಿಸಿದ್ದೇ ಅದಕ್ಕೆ. ಹೊತ್ತು ಹೋಯಿತು, ಕೂಸು ಬರಲಿಲ್ಲ. ಅವ್ವನ ತುಟಿ ಬಿಳುಪಾದವು. ಕೊನೆಗೆ ಆಯಿ ಹೆದರಿ ನನ್ನನ್ನು ಸೂಲಗಿತ್ತಿ ದುರ್ಗವ್ವನ ಮನೆಗೆ ಅಟ್ಟಿದಳು.

"ಆಯಿಗೆ ಹೊಟ್ಟಿ ಕಡದೈತಿ, ಬರಬೇಕಂತ ಅಂತ ಹೇಳು. ಹಾದ್ಯಾಗ ಯಾರ ಕೇಳಿದ್ರೂ ಹಂಗ ಹೇಳು."

ಓಡಿದೆ. ದುರ್ಗವ್ವ ಮನೆಯಲ್ಲಿರಲಿಲ್ಲ. ಕೆರೆಯ ಕಡೆಗೋ ಹೊಲದ ಕಡೆಗೋ, ಯಾರಿಗೂ ಗೊತ್ತಿಲ್ಲ. ಓಣಿಯ ಕಟ್ಟೆಯ ಮೇಲೆ ಹೆಂಗಸರು ಕಾಳು ಹಸನು ಮಾಡುತ್ತ ಕೂತಿದ್ದರು. "ಯಾಕ ಬೇ, ಯಾರಿಗೇನಾತು?" ಎಂದರು. ಆಯಿಯ ಹೊಟ್ಟೆ ಕಡಿತ ನಾಲಿಗೆಯ ತುದಿಗೆ ಬಂದಿತ್ತು. ಮುದುಕಿಯ ಹೊಟ್ಟೆನೋವಿಗೆ ಯಾರು ಕಾಳಿನ ಮೊರ ಬಿಟ್ಟು ಓಡುತ್ತಾರೆ? ಬಾಯಿ ತೆರೆದೆ, ಎದೆಯಲ್ಲಿದ್ದದ್ದೆಲ್ಲ ಓಣಿಯ ತುಂಬ ಬಂತು.

"ನಮ್ಮವ್ವ ಹಡ್ಯಾಕತ್ಯಾಳ! ಸಾಯಾಕತ್ಯಾಳ! ಬರ್ರಿ, ಎಲ್ಲಾರೂ ಬರ್ರಿ!"

ಮೊರಗಳು ಉರುಳಿದವು. ಒಬ್ಬಳು ದುರ್ಗವ್ವನನ್ನು ಹುಡುಕಲು ಓಡಿದಳು, ನಾಲ್ವರು ನಮ್ಮ ಮನೆಗೆ ನುಗ್ಗಿದರು. ಆ ಹೊತ್ತಿನ ನನ್ನ ದನಿ ಈಗಲೂ ನನ್ನ ಗಂಟಲಲ್ಲಿದೆ, ಅದನ್ನೇ ಇಟ್ಟುಕೊಂಡು ಇಷ್ಟು ವರ್ಷ ಬಾಳಿದ್ದೇನೆ. ಪಾರು ಹುಟ್ಟಿದಳು. ಹೊದಿಸಲು ಸಿಕ್ಕದ್ದು ಹತ್ತಿಯೇ. ಆಯಿ ಆಮೇಲೆ ನನ್ನನ್ನು ಮೂಲೆಗೆ ಎಳೆದು, "ಮನಿ ಮಾನ ಓಣ್ಯಾಗ ಚೆಲ್ಲಿ ಬಂದೆಲ್ಲಾ, ರಂಡೆ" ಎಂದು ತೊಡೆ ಚಿವುಟಿದಳು. ಆದರೆ ಊರಿನ ಹೆಂಗಸರು ಏನು ಅಂದರು ಗೊತ್ತೇ? ಅವ್ವನ ಸುತ್ತ ಕೂತು, ಗಲ್ಲಕ್ಕೆ ಕೈ ಹಚ್ಚಿ, "ಎವ್ವಾ, ಇಷ್ಟ ದಿನ ಬಾಜೂಕ ಇದ್ರೂ ನಮಗ ಸುಳಿವ ಹತ್ತಲಿಲ್ಲಲ್ಲ! ಏನ್ ಗಟ್ಟಿ ಹೆಣ್ಮಗಳು, ಏನ್ ಮರ್ಯಾದಿ!" ಎಂದು ಹೊಗಳಿದರು. ಸತ್ತು ಬದುಕಿದವಳ ಮುಖದಲ್ಲಿ ಆ ಹೊಗಳಿಕೆಗೆ ಒಂದು ನಗು ಮೂಡಿತು. ಅದನ್ನು ನೆನೆದಾಗಲೆಲ್ಲ ನನಗೆ ಅಳು ಬರುವ ಮೊದಲು ಸಿಟ್ಟು ಬರುತ್ತದೆ. ಪಾರು ಬೀಗರ ಮುಂದೆ ಒಪ್ಪಿಸಿದ ಕತೆ ಆ ಹತ್ತಿ ಕೋಣೆಯಲ್ಲೇ ಹುಟ್ಟಿತು, ಅವಳ ಜೊತೆಗೇ.

ಅವ್ವನಿಗೆ ಬಾಣಂತನ ಆಗಲಿಲ್ಲ. ವಾರ ಕಳೆಯುವ ಮೊದಲೇ ಕೊಡ ಹೊತ್ತಳು. ಸ್ವಲ್ಪ ದಿನಕ್ಕೆ ವೈನಿ ಹಡೆದ ಸುದ್ದಿ ಬಂತು. ಹಸಿ ಮೈಯ ಬಾಣಂತಿ ಅವ್ವ ಒಲೆಯ ಮುಂದೆ ಕೂತು ಅಂಟು ಹುರಿದಳು, ಕೊಬ್ಬರಿ ತುರಿದಳು, ಉತ್ತತ್ತಿ ಕುಟ್ಟಿದಳು, ಸೊಸೆಯ ಬಾಣಂತನಕ್ಕೆಂದು ಅಂಟಿನುಂಡೆ ಕಟ್ಟಿ ಡಬ್ಬಿ ತುಂಬಿ ಕುಬಿಹಾಳಕ್ಕೆ ಕಳಿಸಿದಳು. ತನಗೊಂದು ಉಂಡೆ ಎತ್ತಿಟ್ಟುಕೊಳ್ಳಲಿಲ್ಲ. ನಾನು ಕದ್ದು ಒಂದನ್ನು ಅವಳ ಬಾಯಿಗೆ ತುರುಕಿದೆ, ಅಗಿಯುತ್ತ ಬಾಗಿಲ ಕಡೆಗೇ ನೋಡುತ್ತಿದ್ದಳು.

ನನ್ನ ಮದುವೆಯಾಗಿ, ನಾನು ಹಡೆಯಲು ತವರಿಗೆ ಬಂದಾಗಲೂ ಅವ್ವ ಬಚ್ಚಲಲ್ಲಿ ಆ ಪಟ್ಟಿ ಸುತ್ತಿಕೊಳ್ಳುವುದನ್ನು ಕಂಡೆ. ಹಳೆಯದು ಹರಿದಿತ್ತು, ಇದು ಅಪ್ಪನ ಇನ್ನೊಂದು ಕೆಂಪಂಚಿನ ಧೋತರದ ಪಟ್ಟಿ.

"ಈಗ್ಯಾಕ ಬೇ ಅದು?"

"ಒಳಗಿಂದು ಸಡ್ಲ ಆಗೈತಿ. ಕಟ್ಟದಿದ್ರ ಕೆಳಗ ಇಳೀತೈತಿ. ಪಾರೂನ ಹಡದಾಗಿಂದ ಹಂಗ."

ಗರ್ಭಚೀಲ ಜಾರಿತ್ತು. ಹುಬ್ಬಳ್ಳಿಯ ದವಾಖಾನೆಗೆ ಹೋಗೂಣು ಎಂದೆ, ಕಾಲು ಹಿಡಿದೆ. "ಯಾರ ಮುಂದ ಬಿಚ್ಚಿ ತೋರಸ್ಲಿ? ಇಷ್ಟ ದಿನ ಮುಚ್ಚೀನಿ" ಎಂದಳು. ಅಪ್ಪನಿಗಾದರೂ ಹೇಳೋಣವೆಂದು ಪಡಸಾಲೆಗೆ ಹೋದರೆ ಮೊದಲ ಮಾತಿಗೇ ಕೈ ಅಡ್ಡ ಹಿಡಿದ. "ಹೆಂಗಸೂರ ಮಾತು ಇಲ್ಲಿಗೆ ತರಬ್ಯಾಡವಾ." ಆಯಿ ಸತ್ತು ಎಷ್ಟೋ ವರ್ಷವಾಗಿತ್ತು, ಮಾತು ಸತ್ತಿರಲಿಲ್ಲ. ಅವ್ವ ಆ ನಡುಕಟ್ಟಿನಲ್ಲೇ ಇನ್ನೂ ಕೊಡ ಹೊತ್ತಳು, ಹತ್ತಿ ಬಿಡಿಸಿದಳು, ಮೊಮ್ಮಕ್ಕಳನ್ನು ಎತ್ತಿದಳು, ಮುದುಕಿಯಾದಳು. ಬಸಿರನ್ನು ಮುಚ್ಚಿದ ಸೀರೆ ಅದನ್ನೂ ಮುಚ್ಚಿತು.

ಅವಳು ಸತ್ತ ದಿನ ಬಚ್ಚಲಲ್ಲಿ ಕಡೆಯ ಸ್ನಾನ ಮಾಡಿಸಿದವರು ವೈನಿ ಮತ್ತು ನಾನು. ಸೀರೆ ಬಿಚ್ಚಿದರೆ ಪಟ್ಟಿ. ವೈನಿ ಸೆರಗು ಬಾಯಿಗಿಟ್ಟುಕೊಂಡಳು. ನಾನು ಬಿಚ್ಚತೊಡಗಿದೆ. ಈ ಸಲ ಅವ್ವ ತಿರುಗಲಿಲ್ಲ, ನಾವೇ ಎತ್ತಿ ಎತ್ತಿ ಸುರುಳಿ ಬಿಡಿಸಿದೆವು. ಅವಳ ನಡುವಿನ ಸುತ್ತ ಎತ್ತಿನ ಹೆಗಲಿನ ಹಾಗೆ ಚರ್ಮ ದಡ್ಡುಗಟ್ಟಿತ್ತು.

"ಒಲಿಗೆ ಹಾಕ್ಲೇನು? ಪಾರು ಬರೂದ್ರಾಗ..." ಎಂದಳು ವೈನಿ. "ಆಕಿ ನೋಡಿದ್ರ ತನ್ನಿಂದ ಆತು ಅಂತಾಳ."

ಪಾರು ಇನ್ನೂ ಅಳ್ನಾವರದಿಂದ ಬರುವ ದಾರಿಯಲ್ಲಿದ್ದಳು. ವೈನಿಯ ಮಾತಿಗೆ ಇಷ್ಟು ದಿನ ಅವಳಿಗೆ ಹೇಳದೆ ಉಳಿದೆ, ಅಂದು ನನ್ನ ಬಾಯಿಂದ ಕೇಳಿದ ಗಂಡಸರೂ ಹೆಂಗಸರ ಮಾತೆಂದು ಅವಳಿಗೆ ಮುಟ್ಟಿಸಲಿಲ್ಲ. ಈಗ ಹೇಳುತ್ತಿದ್ದೇನೆ. ಪಾರು, ನಿನ್ನಿಂದ ಅಲ್ಲವ್ವ. ನಿನ್ನನ್ನು ಮುಚ್ಚಿಟ್ಟವರಿಂದ.

ಪಟ್ಟಿಯನ್ನು ತೊಳೆದು, ಹಿಂಡಿ, ಕೈಯಲ್ಲಿ ಹಿಡಿದು ನಡೆದೆ. ಅವ್ವನನ್ನು ಸಿಂಗರಿಸಿ ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿದ್ದರು. ಆ ಮನೆಯ ಪಡಸಾಲೆಯಲ್ಲಿ ಅವಳು ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು. ಗಂಡಸರು ತಾಳ ಹಿಡಿದು ಭಜನೆ ಹೇಳುತ್ತಿದ್ದರು. ಅಪ್ಪ ಜಮಖಾನೆಯ ಮೇಲಿದ್ದ. ನಾನು ಹೋಗಿ ಪಟ್ಟಿಯನ್ನು ಅವನ ತೊಡೆಯ ಮೇಲಿಟ್ಟೆ.

"ಏನವಾ ಇದು?"

"ನಿಮ್ಮ ಧೋತರರಿ."

ಅವನು ಕೆಂಪಂಚನ್ನು ಬೆರಳಲ್ಲಿ ಹಿಡಿದು ನೋಡಿದ. ಗುರುತು ಹತ್ತಿತು. "ಇದನ್ನ ಯಾಕ ಹರದ್ಲು?"

ಹೇಳಿದೆ. ಭಜನೆಗಿಂತ ದೊಡ್ಡ ದನಿಯಲ್ಲಿ, ಹತ್ತಿ ಹೊಲದಿಂದ ಹಿಡಿದು ಬಚ್ಚಲಿನತನಕ ಹೇಳಿದೆ. ತಾಳ ನಿಂತವು. ಅಣ್ಣ ಎದ್ದು ಬಂದು, "ಮಂದಿ ಅದಾರ, ಒಳಗ ನಡಿ" ಎಂದು ರಟ್ಟೆ ಹಿಡಿದ. ಕೈ ಕೊಡವಿ ಅವ್ವನ ಮಗ್ಗುಲಿಗೆ ಕೂತೆ. ಆ ಹೊತ್ತಿಗೆ ವೈನಿಯೂ ನಡುಮನೆಯ ಹೊಸ್ತಿಲು ದಾಟಿ ಬಂದು ಅವ್ವನ ಇನ್ನೊಂದು ಮಗ್ಗುಲಿಗೆ ಕೂತಳು. ಯಾರೂ ನಮ್ಮನ್ನು ಏಳಿಸಲಿಲ್ಲ. ಪಟ್ಟಿಯ ನೀರು ಅಪ್ಪನ ಧೋತರಕ್ಕೆ ಇಳಿದು ತೊಡೆಯೆಲ್ಲ ಒದ್ದೆಯಾಯಿತು. ಅವನು ತಲೆಯೆತ್ತಿ, ರೂಢಿಯಂತೆ ನಡುಮನೆಯ ಬಾಗಿಲಿನ ಕಡೆ ನೋಡಿದ. ಅಲ್ಲಿಂದ ಒಣ ಬಟ್ಟೆ ತಂದುಕೊಡುತ್ತಿದ್ದವಳು ಅವನೆದುರಿಗೇ, ಗೋಡೆಗೆ ಆನಿಕೊಂಡು ಕೂತಿದ್ದಳು.